ಶರಾವತಿಯಲ್ಲಿ ಸ್ಪೀಡ್ ಬೋಟ್: ವೇಗಕ್ಕೆ ಟಿಕೆಟ್ ಇದೆ, ಅಲೆಗೆ ಲೆಕ್ಕ ಬೇಡ್ವಾ?

ಹೊನ್ನಾವರ: ಮಳೆ ಹಿಂದೆ ಸರಿದು ಹೊಳೆ ನೀರು ತಿಳಿಯಾಯ್ತು ಅಂದ್ರೆ ನಮ್ಮ ತಾಲೂಕಿಗೆ ಇನ್ನೊಂದು ಬೆಳೆ ಶುರುವಾದ ಹಾಗೆ. ಬೆಂಗಳೂರು, ಹುಬ್ಬಳ್ಳಿ, ದಾವಣಗೆರೆ ಕಡೆಯ ನಂಬರ್ ಪ್ಲೇಟಿನ ಗಾಡಿಗಳು ಹೆದ್ದಾರಿ ಬದಿ ಸಾಲು ನಿಲ್ತವೆ. ಮಕ್ಕಳಿಗೆ ಲೈಫ್ ಜಾಕೆಟ್ ಕಟ್ಟಿ, ಕಾಂಡ್ಲಾ ಗಿಡಗಳ ನಡುವೆ ಒಂದು ಸುತ್ತು, ಅಳಿವೆ ಕಡೆಗೆ ಒಂದು ಸುತ್ತು. ವಾಪಸ್ ಬಂದ ಮೇಲೆ ಚಾ, ಬನ್ಸ್, ಎಳನೀರು, ಮಧ್ಯಾಹ್ನ ಮೀನೂಟ. ಒಂದು ಬೋಟ್ ಟ್ರಿಪ್ಪಿನ ಹಿಂದೆ ಎಷ್ಟು ಅಂಗಡಿಗಳ ಗಲ್ಲಾಪೆಟ್ಟಿಗೆ ನಿಂತಿದೆ ಅನ್ನೋದು ಇಲ್ಲಿ ವ್ಯಾಪಾರ ಮಾಡೋರಿಗೆ ಬೇರೆ ಹೇಳ್ಬೇಕಾಗಿಲ್ಲ.

ನಿಧಾನಕ್ಕೆ ಸಾಗೋ ದೋಣಿಯಲ್ಲಿ ಕೂತು ಹಕ್ಕಿ ನೋಡಿದ್ರೆ ಸಾಕು ಅನ್ನೋ ಪ್ರವಾಸಿಗರೂ ಇದ್ದಾರೆ. ಆದ್ರೆ ಹುಡುಗ್ರಿಗೆ ಸ್ಪೀಡ್ ಬೇಕು. ಮೊಬೈಲ್‌ನಲ್ಲಿ ವಿಡಿಯೋ ಚೆನ್ನಾಗಿ ಬರ್ಬೇಕು, ನೀರು ಹಾರ್ಬೇಕು, ಬೋಟ್ ತಿರುಗುವಾಗ ಒಂದು ಬದಿ ಏಳ್ಬೇಕು. ಹಾಗಾಗಿ ಫೈಬರ್ ಮೈಯ, ಹಿಂದೆ ದೊಡ್ಡ ಔಟ್‌ಬೋರ್ಡ್ ಎಂಜಿನ್ ಇರೋ ಬೋಟ್‌ಗಳಿಗೇ ಬೇಡಿಕೆ. ಹಾಕಿದ ಬಂಡವಾಳ ಬೇಗ ವಾಪಸ್ ಬರೋದೂ ಅದರಿಂದಲೇ.

ಬೋಟ್ ಬೇಕಾ ಬೇಡ್ವಾ ಅನ್ನೋ ಚರ್ಚೆಗೆ ಅರ್ಥ ಇಲ್ಲ, ಬೇಕು. ಆದ್ರೆ ಅದೇ ನೀರಿನಲ್ಲಿ ಪಾತಿ ದೋಣಿ ಹಾಕ್ಕೊಂಡು ಬಲೆ ಬಿಡೋರು ಇದ್ದಾರೆ. ಇಳಿತದ ಹೊತ್ತಿಗೆ ಸೊಂಟಮಟ್ಟ ನೀರಲ್ಲಿ ನಿಂತು ಬಳಚು ಹೆಕ್ಕೋ ಹೆಂಗಸರು ಇದ್ದಾರೆ. ದಡದಲ್ಲಿ ಮಣ್ಣಿನ ಕಟ್ಟೆ ನಂಬಿಕೊಂಡ ತೋಟ, ಗದ್ದೆ ಇದೆ. ಬೋಟಿನ ವೇಗಕ್ಕೆ ಟಿಕೆಟ್ ತಗೊಳ್ಳೋರು ಒಬ್ರು, ಅದು ಎಬ್ಬಿಸೋ ಅಲೆ ತಿನ್ನೋರು ಇನ್ನೊಬ್ರು. ಈ ಅಲೆಯ ಲೆಕ್ಕ ಯಾರು ಇಡ್ತಾರೆ ಅನ್ನೋದು ಇವತ್ತಿನ ವಿಷಯ.

ಓಡಿಸಿ ನೋಡಿದಾಗ ಗೊತ್ತಾಗಿದ್ದು

ಪರಿಚಯದವರೊಬ್ರು ಹೊಸ ಸ್ಪೀಡ್ ಬೋಟ್ ತಂದಿದ್ರು. ಪ್ರವಾಸಿಗರು ಇಲ್ಲದ ಹೊತ್ತು, ಹೊಳೆ ಅಗಲ ಇರೋ ಜಾಗದಲ್ಲಿ, ಅವರನ್ನ ಪಕ್ಕದಲ್ಲೇ ಕೂರಿಸ್ಕೊಂಡು ಸ್ವಲ್ಪ ಹೊತ್ತು ಸ್ಟೇರಿಂಗ್ ಹಿಡಿದೆ. ಬೈಕ್, ಕಾರು ಓಡಿಸಿ ರೂಢಿ ಇರೋರಿಗೆ ಬೋಟ್ ಸುಲಭ ಅನ್ಸುತ್ತೆ. ಗೇರ್ ಇಲ್ಲ, ಟ್ರಾಫಿಕ್ ಇಲ್ಲ, ಒಂದು ಹಿಡಿಕೆ ಮುಂದೆ ತಳ್ಳಿದ್ರೆ ಆಯ್ತು. ಆದ್ರೆ ಐದು ನಿಮಿಷದಲ್ಲೇ ಮೂರು ವಿಷಯ ಗೊತ್ತಾಗುತ್ತೆ.

ಮೊದಲ್ನೇದು, ಬೋಟಿಗೆ ಬ್ರೇಕ್ ಇಲ್ಲ. ಥ್ರಾಟಲ್ ಹಿಂದಕ್ಕೆ ತಂದ್ರೆ ಎಂಜಿನ್ ಸದ್ದು ಇಳಿಯುತ್ತೆ, ಬೋಟ್ ಮಾತ್ರ ತನ್ನ ಪಾಡಿಗೆ ಜಾರ್ತಾ ಹೋಗುತ್ತೆ. ಗಂಟೆಗೆ 40 ಕಿ.ಮೀ. ವೇಗ ಅಂದ್ರೆ ಸೆಕೆಂಡಿಗೆ 11 ಮೀಟರ್. ನೂರು ಮೀಟರ್ ದೂರದಲ್ಲಿ ಕಾಣೋ ಪಾತಿ ದೋಣಿ ಒಂಬತ್ತು ಸೆಕೆಂಡ್‌ನಲ್ಲಿ ಮೂಗಿನ ಮುಂದೆ ಇರುತ್ತೆ. ಆ ಒಂಬತ್ತು ಸೆಕೆಂಡಲ್ಲಿ ನಾಲ್ಕು ಸೆಕೆಂಡ್ ಹಿಂದೆ ತಿರುಗಿ ಪ್ರವಾಸಿಗರ ಜೊತೆ ಮಾತಾಡಿದ್ರೆ ಉಳಿಯೋದು ಐದೇ.

ಎರಡ್ನೇದು ಇನ್ನೂ ಮುಖ್ಯ. ಔಟ್‌ಬೋರ್ಡ್ ಬೋಟು ತಿರುಗೋದು ಪ್ರೊಪೆಲ್ಲರ್ ನೀರನ್ನ ಯಾವ ಕಡೆ ತಳ್ಳುತ್ತೆ ಅನ್ನೋದರ ಮೇಲೆ. ಗಾಬರಿಯಾಗಿ ಥ್ರಾಟಲ್ ಪೂರ್ತಿ ಬಿಟ್ರೆ ಸ್ಟೇರಿಂಗ್ ಬಹುಪಾಲು ಸತ್ತ ಹಾಗೆ. ಚಕ್ರ ಎಷ್ಟು ತಿರುಗಿಸಿದ್ರೂ ಬೋಟ್ ನೇರಕ್ಕೇ ಹೋಗುತ್ತೆ. ಜೆಟ್ ಸ್ಕೀಯಲ್ಲೂ ಇದೇ ಕಥೆ. ರಸ್ತೆ ಮೇಲೆ ಗಾಬರಿಯಾದ್ರೆ ಎಕ್ಸಿಲರೇಟರ್ ಬಿಡೋದು ಸರಿಯಾದ ಅಭ್ಯಾಸ. ನೀರಿನ ಮೇಲೆ ಅದೇ ಅಭ್ಯಾಸ ಡಿಕ್ಕಿಗೆ ದಾರಿ. ಹೀಗಾಗಿ ಕಾರು ಬರೋರಿಗೆ ಬೋಟೂ ಬರುತ್ತೆ ಅನ್ನೋ ನಂಬಿಕೆ ತಪ್ಪು. ಇದನ್ನ ಬೇರೆಯಾಗೇ ಕಲೀಬೇಕು.

ಮೂರ್ನೇದು ಅಲೆ. ವೇಗ ಹೆಚ್ಚಿಸ್ತಾ ಹೋದಾಗ ಒಂದು ಹಂತದಲ್ಲಿ ಬೋಟಿನ ಮೂಗು ಮೇಲಕ್ಕೆ ಏಳುತ್ತೆ, ಹಿಂಭಾಗ ಕೂರುತ್ತೆ, ಎದುರಿನ ನೀರೇ ಕಾಣೋದಿಲ್ಲ. ಇನ್ನೂ ಸ್ವಲ್ಪ ತಳ್ಳಿದ್ರೆ ಮೂಗು ಇಳಿದು ಬೋಟ್ ನೀರಿನ ಮೇಲೆ ಜಾರೋಕೆ ಶುರು ಮಾಡುತ್ತೆ. ಆಗ ಸುಖ ಅನ್ಸುತ್ತೆ. ಆದ್ರೆ ಹಿಂದೆ ತಿರುಗಿ ನೋಡಿದ್ರೆ, ಮೂಗು ಎತ್ತಿದ್ದ ಹೊತ್ತಿನಲ್ಲಿ ಎದ್ದ ದೊಡ್ಡ ಅಲೆ ಎರಡೂ ಬದಿ ಹರಡ್ಕೊಂಡು ದಡದ ಕಡೆ ಹೋಗ್ತಾ ಇರುತ್ತೆ. ಬೋಟ್ ಮುಂದೆ ಹೋಗಿ ಆಗಿರುತ್ತೆ. ಅಲೆ ದಡ ಮುಟ್ಟೋದು ಆಮೇಲೆ. ಓಡಿಸೋನಿಗೆ ತಾನು ಮಾಡಿದ್ದು ಕಾಣೋದೇ ಇಲ್ಲ.

ಅಲೆ ಎಬ್ಬಿಸದೆ ಓಡೋ ಬೋಟೂ ಇದೆ

ವೇಗ ಬೇಕು ಅಂದ್ರೆ ಅಲೆ ಏಳಲೇಬೇಕು ಅಂತ ನಾವು ಅಂದ್ಕೊಂಡಿದ್ದೀವಿ. ಅಷ್ಟು ಸರಳ ಅಲ್ಲ. ವಾಟರ್ ಸ್ಕೀ ಸ್ಪರ್ಧೆಗಳಿಗೆ ಅಂತ ಕಟ್ಟೋ ಬೋಟ್‌ಗಳನ್ನ ನೋಡಿ.

ವಾಟರ್ ಸ್ಕೀ ಅಂದ್ರೆ ಬೋಟ್ ಹಿಂದೆ ಹಗ್ಗ ಹಿಡಿದು, ಕಾಲಿಗೆ ಹಲಗೆ ಕಟ್ಟಿ ನೀರಿನ ಮೇಲೆ ಜಾರೋ ಆಟ. ಅಮೆರಿಕದ ಮಿನ್ನೆಸೋಟ ರಾಜ್ಯದ ಪೆಪಿನ್ ಕೆರೆಯಲ್ಲಿ 1922ರಲ್ಲಿ ರಾಲ್ಫ್ ಸ್ಯಾಮುಯೆಲ್‌ಸನ್ ಅನ್ನೋ ಹದಿನೆಂಟರ ಹುಡುಗ ಇದನ್ನ ಶುರು ಮಾಡಿದ. ಈಗ ಇದರ ಸ್ಲಾಲಂ ಸ್ಪರ್ಧೆಯಲ್ಲಿ ಬೋಟ್ 259 ಮೀಟರ್ ಉದ್ದದ ಹಾದಿಯಲ್ಲಿ ನೇರ ಓಡುತ್ತೆ. ಸ್ಕೀ ಮಾಡೋರು ಎಡಕ್ಕೂ ಬಲಕ್ಕೂ ಹೋಗಿ ಆರು ತೇಲುಬುರುಡೆ ಸುತ್ತಬೇಕು. ಗರಿಷ್ಠ ವೇಗ ಪುರುಷರಿಗೆ ಗಂಟೆಗೆ 58 ಕಿ.ಮೀ., ಮಹಿಳೆಯರಿಗೆ 55. ಅಷ್ಟು ವೇಗದಲ್ಲಿ ಇಡೀ ಹಾದಿ ಮುಗಿಯೋದು ಸುಮಾರು 16 ಸೆಕೆಂಡಿನಲ್ಲಿ. ಬುರುಡೆ ಇರೋದು ಹಾದಿಯ ನಡುಗೆರೆಯಿಂದ 11.5 ಮೀಟರ್ ದೂರ. ಹಗ್ಗ 18.25 ಮೀಟರಿನಿಂದ ಶುರುವಾಗಿ ಸುತ್ತಿಗೊಮ್ಮೆ ಗಿಡ್ಡ ಆಗ್ತಾ ಬಂದು, ಕೊನೆಕೊನೆಗೆ 9.75 ಮೀಟರಿಗೆ ಇಳಿಯುತ್ತೆ. ಅಂದ್ರೆ ಹಗ್ಗ ಬುರುಡೆ ತನಕ ಮುಟ್ಟೋದೇ ಇಲ್ಲ, ಸ್ಪರ್ಧಿ ಮೈಚಾಚಿ ಮುಟ್ಟಬೇಕು.

ಇಂಥ ಕಡೆ ಅಲೆ ಅಂದ್ರೆ ರಸ್ತೆ ನಡುವಿನ ಹಂಪ್ ಇದ್ದ ಹಾಗೆ. ಪ್ರತಿ ಸಲ ಬದಿ ಬದಲಾಯಿಸುವಾಗ ಸ್ಪರ್ಧಿ ಅದನ್ನ ದಾಟಬೇಕು. ಹಾಗಾಗಿ ಅಲೆ ಚಿಕ್ಕದಿರಬೇಕು ಅಂತಾನೇ ಆ ಬೋಟಿನ ತಳ ಚಪ್ಪಟೆ ಮಾಡ್ತಾರೆ, ಮೈ ಹಗುರ ಇಡ್ತಾರೆ, ಎಂಜಿನ್ ಹಿಂದೆ ನೇತು ಹಾಕೋ ಬದಲು ನಟ್ಟನಡುವೆ ಕೂರಿಸ್ತಾರೆ. ಪ್ರೊಪೆಲ್ಲರ್ ತಳದ ಕೆಳಗೆ ಇರುತ್ತೆ, ಹಿಂದೆ ಚಾಚಿಕೊಂಡಿರೋದಿಲ್ಲ. ಸ್ಪರ್ಧಿ ಪಕ್ಕಕ್ಕೆ ಎಳೆದಾಗ ಬೋಟ್ ಓರೆಯಾಗಬಾರದು ಅಂತ ತಳಕ್ಕೆ ರೆಕ್ಕೆ ಹಾಗಿನ ಪಟ್ಟಿ ಹಾಕಿರ್ತಾರೆ. ವೇಗವನ್ನ ಡ್ರೈವರ್ ಕೈಗೆ ಬಿಡೋದಿಲ್ಲ, ಜಿಪಿಎಸ್ ನೋಡ್ಕೊಂಡು ಯಂತ್ರವೇ ಹಿಡಿದಿಡುತ್ತೆ. ಅಷ್ಟಾದ್ರೂ ಡ್ರೈವರ್ ಸ್ಥಾನಕ್ಕೆ ಯಾರ್ಯಾರೋ ಕೂರೋ ಹಾಗಿಲ್ಲ. ಸ್ಪರ್ಧೆಯಲ್ಲಿ ಬೋಟ್ ಓಡಿಸೋರಿಗೂ ಅರ್ಹತೆ ಬೇಕು.

ಇಂಥ ಬೋಟ್ ಹೊಸದು ತಗೋಬೇಕು ಅಂದ್ರೆ ಲಕ್ಷ ಡಾಲರ್ ದಾಟೋದು ಸಾಮಾನ್ಯ. ಅದನ್ನ ಶರಾವತಿಗೆ ತನ್ನಿ ಅಂತ ಯಾರೂ ಹೇಳ್ತಿಲ್ಲ. ಹೇಳೋದು ಇಷ್ಟೇ: ಅಲೆ ಅನ್ನೋದು ಬೋಟಿನ ತೂಕ, ತಳದ ಆಕಾರ, ವೇಗ, ಓಡಿಸೋ ಕೈ ಈ ನಾಲ್ಕರ ಲೆಕ್ಕ. ತಳ ಬದಲಾಯಿಸೋಕೆ ದುಡ್ಡು ಬೇಕು. ವೇಗ, ತೂಕ ಮತ್ತು ಕೈ ಬದಲಾಯಿಸೋಕೆ ದುಡ್ಡು ಬೇಡ.

‘ಸ್ವಲ್ಪ ನಿಧಾನ’ ಅನ್ನೋದೇ ತೊಂದರೆ

ಇಲ್ಲೊಂದು ಸೂಕ್ಷ್ಮ ಇದೆ. ದೋಣಿ ಕಂಡಾಗ, ದಡ ಹತ್ತಿರ ಬಂದಾಗ ಒಳ್ಳೆ ಮನಸ್ಸಿನ ಡ್ರೈವರ್ ಸ್ವಲ್ಪ ನಿಧಾನ ಮಾಡ್ತಾನೆ. ಪೂರ್ತಿ ವೇಗದಿಂದ ಅರ್ಧ ವೇಗಕ್ಕೆ ಬರ್ತಾನೆ. ಆದ್ರೆ ಮೂಗು ಎದ್ದು, ಹಿಂಭಾಗ ನೀರಲ್ಲಿ ಆಳಕ್ಕೆ ಕೂತು, ಅತಿ ದೊಡ್ಡ ಅಲೆ ಏಳೋದು ಆ ಅರ್ಧ ವೇಗದಲ್ಲೇ! ಅವನು ಉಪಕಾರ ಮಾಡಿದೆ ಅಂದ್ಕೊಂಡ ಜಾಗದಲ್ಲೇ ಪಾತಿ ದೋಣಿ ಅತಿ ಹೆಚ್ಚು ಅಲ್ಲಾಡುತ್ತೆ.

ನಿಧಾನ ಮಾಡೋದಾದ್ರೆ ಪೂರ್ತಿ ಮಾಡಬೇಕು. ಮೂಗು ಕೆಳಗೆ ಇಳಿದು ಬೋಟ್ ಸಮತಟ್ಟಾಗಿ, ಮನುಷ್ಯ ನಡೆಯೋ ವೇಗಕ್ಕೆ ಬರಬೇಕು. ಅದನ್ನೂ ದೋಣಿ ಪಕ್ಕಕ್ಕೆ ಬಂದ ಮೇಲಲ್ಲ, ಸಾಕಷ್ಟು ದೂರದಲ್ಲೇ ಶುರು ಮಾಡಬೇಕು. ದಿಢೀರ್ ಅಂತ ನಿಲ್ಲಿಸಿದ್ರೆ ತನ್ನದೇ ಹಿಂದಿನ ಅಲೆ ಬಂದು ಬೋಟಿನ ಹಿಂಬದಿ ಹತ್ತುತ್ತೆ. ಹೆಚ್ಚು ಜನ ತುಂಬ್ಕೊಂಡು ಹಿಂಭಾಗ ತಗ್ಗಿದ ಬೋಟಿಗೆ ಹೀಗೆ ನೀರು ನುಗ್ಗೋದು ಸಣ್ಣ ವಿಷಯ ಅಲ್ಲ.

ಅಲೆಯ ಎತ್ತರಕ್ಕೂ ಏಟಿಗೂ ಇರೋ ಸಂಬಂಧವೂ ನೇರ ಅಲ್ಲ. ಎತ್ತರ ಎರಡು ಪಟ್ಟಾದ್ರೆ ಅದರ ಶಕ್ತಿ ನಾಲ್ಕು ಪಟ್ಟಾಗುತ್ತೆ. ಗೇಣುದ್ದದ ಅಲೆ ಮೊಳಕ್ಕೆ ಏರಿದ್ರೆ ಕಾಂಡ್ಲಾ ಬೇರಿನ ನಡುವಿನ ಮಣ್ಣು, ಕಟ್ಟೆಯ ಬುಡ ಎಷ್ಟು ಏಟು ತಿನ್ನುತ್ತೆ ಅಂತ ನೀವೇ ಲೆಕ್ಕ ಹಾಕಿ. ದಿನಕ್ಕೆ ಒಂದು ಸಲ ಆದ್ರೆ ಪರವಾಗಿಲ್ಲ. ರಜೆ ದಿನ ಬೆಳಗ್ಗೆಯಿಂದ ಸಂಜೆ ತನಕ ಆದ್ರೆ?

ಬೇರೆ ಕಡೆ ಏನು ಮಾಡಿದ್ರು

ಸ್ಕೀ ಬೋಟಿಗೆ ತದ್ವಿರುದ್ಧವಾದ ಇನ್ನೊಂದು ಜಾತಿ ಬೋಟ್ ಅಮೆರಿಕದಲ್ಲಿ ಜನಪ್ರಿಯ ಆಗಿದೆ. ಬೇಕಂತಲೇ ನೀರು ತುಂಬಿಸಿ ತೂಕ ಹೆಚ್ಚಿಸಿ, ದೊಡ್ಡ ಅಲೆ ಎಬ್ಬಿಸಿ ಅದರ ಮೇಲೆ ಆಡೋದು. ಕೆರೆ ದಡದ ಮನೆಯವರು, ಮೀನು ಹಿಡಿಯೋರು ತಕರಾರು ತೆಗೆದ್ರು. ಮಿನ್ನೆಸೋಟ ವಿಶ್ವವಿದ್ಯಾಲಯದ ಪ್ರಯೋಗಾಲಯದವರು ಅಲೆ ಅಳೆದು 2022ರಲ್ಲಿ ವರದಿ ಕೊಟ್ರು. ಮಾಮೂಲಿ ಬೋಟಿನ ಅಲೆ 200 ಅಡಿಯಲ್ಲಿ ಇಳಿಯೋ ಮಟ್ಟಕ್ಕೆ ಈ ಬೋಟಿನ ಅಲೆ ಇಳಿಯೋಕೆ 500 ಅಡಿಗಿಂತ ಹೆಚ್ಚು ದೂರ ಬೇಕು ಅನ್ನೋದು ಅದರ ಸಾರ. ವರ್ಮಾಂಟ್ ರಾಜ್ಯ 2024ರಲ್ಲಿ ನಿಯಮವನ್ನೇ ತಂತು. ಇಂಥ ಆಟ ಆಡೋದಾದ್ರೆ ದಡದಿಂದ ಕನಿಷ್ಠ 500 ಅಡಿ ದೂರ ಇರಬೇಕು, ನೀರು 20 ಅಡಿ ಆಳ ಇರಬೇಕು.

ಅಲ್ಲಿ ಬೋಟ್ ನಿಷೇಧ ಆಗಲಿಲ್ಲ, ಜಾಗ ನಿಗದಿ ಆಯ್ತು. ನಮಗೆ ಬೇಕಾದ ಪಾಠ ಇದು. ಶರಾವತಿ ಮೇಲಿನ ಕೊಂಕಣ ರೈಲ್ವೆ ಸೇತುವೆಯೇ ಎರಡು ಕಿ.ಮೀ.ಗಿಂತ ಸ್ವಲ್ಪ ಹೆಚ್ಚು ಉದ್ದ, ಆ ಮಾರ್ಗದಲ್ಲೇ ಅತಿ ಉದ್ದದ್ದು. ಅಂದ್ರೆ ಅಗಲಕ್ಕೆ ನಮ್ಮಲ್ಲಿ ಬರ ಇಲ್ಲ. ವೇಗ ಬೇಕಾದೋರಿಗೆ ಅಗಲದ ನೀರಿದೆ. ಕಾಂಡ್ಲಾ ನಡುವಿನ ಕಿರು ಕಾಲುವೆ, ಕುದ್ರುಗಳ ಅಂಚು, ಬಳಚು ಹೆಕ್ಕೋ ತಗ್ಗು ಜಾಗ, ಬಲೆ ಬಿಡೋ ಜಾಗದಲ್ಲಿ ಅದೇ ವೇಗ ಯಾಕೆ ಬೇಕು?

ಲೆಕ್ಕ ತಪ್ಪಿದ ಕಡೆ ಏನಾಯ್ತು

ನಮ್ಮ ಜಿಲ್ಲೆಗೆ 2019ರ ಜನವರಿ 21 ಮರೆಯೋ ದಿನ ಅಲ್ಲ. ಕಾರವಾರ ಹತ್ತಿರದ ಕೂರ್ಮಗಡ ಜಾತ್ರೆಯಿಂದ ವಾಪಸ್ ಬರ್ತಿದ್ದ ಬೋಟ್ ಮಗುಚಿ 16 ಜನ ಹೋದ್ರು. ಕೇರಳದ ತಾನೂರಿನಲ್ಲಿ 2023ರ ಮೇ 7ರಂದು ಪ್ರವಾಸಿ ಬೋಟ್ ಮಗುಚಿ 22 ಸಾವು. ಗುಜರಾತಿನ ವಡೋದರದ ಹರಣಿ ಕೆರೆಯಲ್ಲಿ 2024ರ ಜನವರಿ 18ರಂದು ಶಾಲಾ ಪ್ರವಾಸಕ್ಕೆ ಬಂದಿದ್ದ 12 ಮಕ್ಕಳು, ಇಬ್ಬರು ಶಿಕ್ಷಕಿಯರು ಜೀವ ಬಿಟ್ರು. ಈ ಎರಡು ಕಡೆಯೂ ಮೇಲೆ ಬಂದ ಮಾತು ಒಂದೇ, ಹಿಡಿಸೋದಕ್ಕಿಂತ ಹೆಚ್ಚು ಜನ.

2024ರ ಡಿಸೆಂಬರ್ 18ರ ಮುಂಬೈ ಘಟನೆ ಬೇರೆ ತರಹದ್ದು. ಎಂಜಿನ್ ಪರೀಕ್ಷೆ ನಡೀತಿದ್ದ ನೌಕಾಪಡೆಯ ಸ್ಪೀಡ್ ಬೋಟ್ ನಿಯಂತ್ರಣ ತಪ್ಪಿ, ಎಲಿಫೆಂಟಾ ಕಡೆ ಹೊರಟಿದ್ದ ‘ನೀಲಕಮಲ್’ ಪ್ರಯಾಣಿಕರ ಬೋಟಿಗೆ ಗುದ್ದಿತು. 15 ಜನ ತೀರ್ಕೊಂಡ್ರು. ತರಬೇತಿ ಪಡೆದವರ ಕೈಯಲ್ಲೂ ವೇಗದ ಬೋಟ್ ಹೀಗೆ ತಪ್ಪಬಹುದಾದ್ರೆ, ಎರಡು ವಾರ ಪಕ್ಕದಲ್ಲಿ ಕೂತು ನೋಡಿ ಕಲಿತ ಹುಡುಗನ ಕೈಗೆ ಹೊಸ ಎಂಜಿನ್ ಕೊಡುವಾಗ ನಾವು ಎರಡು ಸಲ ಯೋಚ್ನೆ ಮಾಡ್ಬೇಕು. ಎಂಜಿನ್ ಪರೀಕ್ಷೆ ಮಾಡೋ ಜಾಗ ಪ್ರಯಾಣಿಕರು ಓಡಾಡೋ ಜಾಗ ಆಗಬಾರದು ಅನ್ನೋದಂತೂ ಖಚಿತ.

ಅಂಗಡಿಯವರಿಗೆ ಇದರಿಂದ ಏನು?

‘ಅಲೆ, ಎಂಜಿನ್ ಎಲ್ಲ ಬೋಟಿನವರ ತಲೆನೋವು, ನಮಗೇನು’ ಅಂತ ಅಂಗಡಿ, ಹೋಟೆಲ್‌ನವರು ಕೇಳಬಹುದು. ಮುರ್ಡೇಶ್ವರ ಇಲ್ಲಿಂದ ದೂರ ಏನಿಲ್ಲ. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಸಮುದ್ರಪಾಲಾದ್ರು. ಅದು ಬೋಟ್ ಅವಘಡ ಅಲ್ಲ. ಆದ್ರೂ ಕಡಲತೀರಕ್ಕೆ ಪ್ರವಾಸಿಗರ ಪ್ರವೇಶ ಬಂದ್ ಆಯ್ತು, ಅದೂ ವರ್ಷಾಂತ್ಯದ ಸೀಸನ್ ಎದುರಿಗಿರುವಾಗಲೇ. ಜೀವ ಹೋದ ಮನೆಯ ದುಃಖದ ಮುಂದೆ ವ್ಯಾಪಾರದ ಮಾತು ಚಿಕ್ಕದು, ಒಪ್ಪೋಣ. ಆದ್ರೆ ವರ್ಷದ ದುಡಿಮೆ ಆ ಕೆಲವು ವಾರಗಳಲ್ಲೇ ಮಾಡ್ಕೊಳ್ಳೋ ಕುಟುಂಬಗಳಿಗೆ ಅದೂ ಹೊಡೆತವೇ.

ಅವಘಡ ಆದ ಮೇಲೆ ಬರೋ ಆದೇಶ ಯಾವಾಗಲೂ ಒಂದೇ ಮಾತಿನದು: ಬಂದ್. ಸರಿಯಾಗಿ ನಡೆಸ್ತಿದ್ದ ಬೋಟೂ ಬಂದ್, ತಪ್ಪು ಮಾಡಿದ ಬೋಟೂ ಬಂದ್, ಚಾ ಅಂಗಡಿಯ ಒಲೆಯೂ ಬಂದ್. ಅವಘಡಕ್ಕೆ ಮೊದಲೇ ನಿಯಮ ಇದ್ರೆ ತಪ್ಪು ಮಾಡಿದವನೊಬ್ಬನೇ ನಿಲ್ತಾನೆ. ಆದ್ದರಿಂದ ನಿಯಮ ಕೇಳಬೇಕಾದ ಮೊದಲ ಪಾರ್ಟಿ ಅಂಗಡಿಯವರೇ.

ಕಾನೂನು ಇದೆ, ರೂಢಿ ಬೇಕು

ಒಳನಾಡು ಹಡಗುಗಳಿಗೆ 1917ರ ಬ್ರಿಟಿಷರ ಕಾಲದ ಕಾನೂನನ್ನ ತೆಗೆದು 2021ರಲ್ಲಿ ಹೊಸ ಕಾಯ್ದೆ ಬಂದಿದೆ. ಎಂಜಿನ್ ಇರೋ ಬೋಟಿಗೆ ನೋಂದಣಿ, ತಪಾಸಣೆ ಮಾಡಿದ ಸರ್ಟಿಫಿಕೇಟ್, ವಿಮೆ, ಜೀವರಕ್ಷಕ ಸಾಮಗ್ರಿ, ನಡೆಸೋರಿಗೆ ಅರ್ಹತಾ ಪತ್ರ, ಎಲ್ಲ ಅದರಲ್ಲಿದೆ. ಕಲಿಯೋಕೂ ದೂರ ಹೋಗಬೇಕಾಗಿಲ್ಲ. ಪಕ್ಕದ ಗೋವಾದಲ್ಲೇ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಇದೆ, ಪವರ್ ಬೋಟ್ ನಡೆಸೋದು, ಜೀವ ಉಳಿಸೋದು ಹೇಳಿಕೊಡ್ತಾರೆ.

ಆದ್ರೆ ಕಾಗದದ ಮೇಲಿನ ಕಾನೂನು ಹೊಳೆಗೆ ಇಳಿಯೋಕೆ ಹೊತ್ತು ಬೇಕು. ಅಲ್ಲಿ ತನಕ ನಾವು ನಾವೇ ಮಾಡಿಕೊಳ್ಳಬಹುದಾದ ಕೆಲಸ ಇವೆ. ಬೋಟಿನವರು, ಮೀನುಗಾರರು, ಪಂಚಾಯ್ತಿ, ಅಂಗಡಿಯವರು ಒಂದು ಸಂಜೆ ಕೂತ್ರೆ ತೀರ್ಮಾನ ಆಗೋ ವಿಷಯಗಳು:

1. ನಿಧಾನದ ಗೆರೆ. ಕಾಂಡ್ಲಾ ಕಾಲುವೆ, ಕುದ್ರುಗಳ ಅಂಚು, ಬಳಚು ಜಾಗಕ್ಕೆ ಬಣ್ಣದ ತೇಲುಬುರುಡೆ ಕಟ್ಟಿ. ಆ ಗೆರೆ ಒಳಗೆ ನಡಿಗೆಯ ವೇಗ ಮಾತ್ರ. ಎಲ್ಲಿ ಕಟ್ಟಬೇಕು ಅಂತ ಬಲೆ ಬಿಡೋರನ್ನೇ ಕೇಳಿ, ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ.

2. ವೇಗದ ಜಾಗ. ಹೊಳೆ ಅಗಲ ಇರೋ ಕಡೆ ಒಂದು ಹಾದಿ ಗುರುತು ಮಾಡಿ. ಹೋಗೋ ದಿಕ್ಕು, ಬರೋ ದಿಕ್ಕು ಬೇರೆ ಇರಲಿ. ಅಳಿವೆಯ ಮರಳು ದಿಬ್ಬದ ಹತ್ತಿರ ಮೋಜಿನ ಟ್ರಿಪ್ ಬೇಡ. ಅಲ್ಲಿ ಎಷ್ಟು ಅನುಭವದ ಮೀನುಗಾರಿಕೆ ಬೋಟ್‌ಗಳೇ ತೊಂದರೆಗೆ ಸಿಕ್ಕಿವೆ ಅಂತ ಊರಿಗೆ ಗೊತ್ತು.

3. ಎಳೆಯೋ ಆಟಕ್ಕೆ ಇಬ್ಬರು. ಬನಾನಾ ರೈಡ್ ಆಗಲಿ, ಟ್ಯೂಬ್ ಆಗಲಿ, ಹಗ್ಗ ಕಟ್ಟಿ ಜನರನ್ನ ಎಳೆಯುವಾಗ ಒಬ್ಬ ಮುಂದೆ ನೋಡಬೇಕು, ಇನ್ನೊಬ್ಬ ಹಿಂದೆ ನೋಡಬೇಕು. ಸ್ಕೀ ಆಟ ಹುಟ್ಟಿದ ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಇದಕ್ಕೆ ನಿಯಮ ಇದೆ. ಬಿದ್ದವರ ಕಡೆ ವಾಪಸ್ ಬರುವಾಗ ಹತ್ತಿರ ಆದ ಕೂಡಲೇ ಎಂಜಿನ್ ಆಫ್ ಆಗಬೇಕು, ಯಾಕಂದ್ರೆ ನಮ್ಮ ಬೋಟಿನ ಪ್ರೊಪೆಲ್ಲರ್ ಹಿಂದೆ ತೆರೆದೇ ಇರುತ್ತೆ.

4. ಕೆಂಪು ದಾರ. ಔಟ್‌ಬೋರ್ಡ್ ಎಂಜಿನ್ ಜೊತೆ ಒಂದು ಸುರುಳಿ ದಾರ ಬರುತ್ತೆ. ಡ್ರೈವರ್ ಮೈಗೆ ಕಟ್ಕೊಂಡಿದ್ರೆ, ಅವನು ನೀರಿಗೆ ಬಿದ್ದ ಕೂಡಲೇ ಎಂಜಿನ್ ನಿಲ್ಲುತ್ತೆ. ಕಟ್ಟದೆ ಇದ್ರೆ ಡ್ರೈವರ್ ಇಲ್ಲದ ಬೋಟು ಜನ ತುಂಬ್ಕೊಂಡು ಓಡ್ತಾ ಇರುತ್ತೆ. ಸ್ವಿಚ್ಚಿಗೆ ಸಿಕ್ಕಿಸಿಟ್ಟು ಮರೆಯೋ ವಸ್ತು ಅಲ್ಲ ಅದು.

5. ಬೋಟಿನ ಮೈಮೇಲೆ ಸಂಖ್ಯೆ. ಎಷ್ಟು ಜನ ಅಂತ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆಸಿ. ಮಕ್ಕಳೂ ಲೆಕ್ಕಕ್ಕೆ. ಹತ್ತೋ ಪ್ರವಾಸಿಗೇ ಎಣಿಸೋಕೆ ಬರಬೇಕು. ಲೈಫ್ ಜಾಕೆಟ್ ಬೋಟಿನ ಮೂಲೆಯಲ್ಲಿ ಇದ್ರೆ ಸಾಲದು, ಬಕಲ್ ಹಾಕಿ ಮೈಮೇಲಿರಬೇಕು.

ಬೋಟಿನವರ ಮಾತೂ ಕೇಳಬೇಕು

ಇದನ್ನೆಲ್ಲ ಬರೆಯೋದು ಸುಲಭ, ಸಾಲದ ಕಂತು ಕಟ್ಟೋರ ಕಷ್ಟ ಬೇರೆ. ಎಂಜಿನ್ ದುಬಾರಿ, ಪೆಟ್ರೋಲ್ ದುಬಾರಿ, ಮಳೆಗಾಲದಲ್ಲಿ ಬೋಟ್ ದಡದಲ್ಲೇ. ದುಡಿಯೋ ತಿಂಗಳು ಎಣಿಸಿದ್ದು. ಒಂದು ಟ್ರಿಪ್ಪಿಗೆ ಹತ್ತು ನಿಮಿಷ ಹೆಚ್ಚು ಹಿಡಿದ್ರೆ ದಿನಕ್ಕೆ ಎರಡು ಟ್ರಿಪ್ ಕಮ್ಮಿ. ಒಬ್ಬ ನಿಧಾನ ಹೋದ್ರೆ ಪ್ರವಾಸಿ ಪಕ್ಕದ ಬೋಟಿಗೆ ಹೋಗ್ತಾನೆ. ಇನ್ನೊಬ್ಬ ಆಳು ಅಂದ್ರೆ ಇನ್ನೊಂದು ಸಂಬಳ.

ಇದಕ್ಕೆ ಉತ್ತರ ಒಂದೇ: ನಿಯಮ ಎಲ್ಲರಿಗೂ ಒಟ್ಟಿಗೆ ಆಗಬೇಕು. ಒಬ್ಬನೇ ಪಾಲಿಸಿದ್ರೆ ಅವನಿಗೆ ನಷ್ಟ. ಎಲ್ಲರೂ ಪಾಲಿಸಿದ್ರೆ ಯಾರಿಗೂ ಇಲ್ಲ, ದರವನ್ನೂ ಎಲ್ಲರೂ ಸೇರಿ ನಿಗದಿ ಮಾಡ್ಕೋಬಹುದು. ಇನ್ನೊಂದು ಮಾತು. ವೇಗದಲ್ಲಿ ಎಂಜಿನ್ ಕುಡಿಯೋ ಪೆಟ್ರೋಲಿಗೂ ನಡಿಗೆ ವೇಗದಲ್ಲಿ ಕುಡಿಯೋದಕ್ಕೂ ಅಜಗಜಾಂತರ. ಕಾಂಡ್ಲಾ ನಡುವೆ ನಿಧಾನಕ್ಕೆ ಕರ್ಕೊಂಡು ಹೋಗಿ ಹಕ್ಕಿ, ಏಡಿ ತೋರಿಸಿ, ಅಗಲದ ನೀರಲ್ಲಿ ಮಾತ್ರ ಒಂದು ವೇಗದ ಸುತ್ತು ಹಾಕಿದ್ರೆ ಟಿಕೆಟ್ ದುಡ್ಡೂ ಉಳಿಯುತ್ತೆ, ಟ್ಯಾಂಕೂ ಉಳಿಯುತ್ತೆ.

ಹೊಳೆ ಯಾರೊಬ್ಬರ ಸ್ವತ್ತಲ್ಲ. ಬಲೆ ಬಿಡೋರು ಬೋಟಿಗೆ ದಾರಿ ಬಿಡ್ತಾರೆ, ಬಿಟ್ಟಿದ್ದಾರೆ ಕೂಡ. ಬೋಟಿನವರು ಅಲೆಯ ಲೆಕ್ಕ ಇಡಬೇಕು ಅಂತ ಕೇಳೋದು ಅದಕ್ಕಿಂತ ದೊಡ್ಡ ಬೇಡಿಕೆ ಅಲ್ಲ. ಕ್ರಿಸ್‌ಮಸ್ ರಜೆ ಜನ ಬರೋಕೆ ಮೊದಲು ಆ ಒಂದು ಸಂಜೆಯ ಸಭೆ ಆಗಲಿ. ತೇಲುಬುರುಡೆ, ಹಗ್ಗ, ಬಣ್ಣಕ್ಕೆ ಎಷ್ಟು ಖರ್ಚು ಬಂದೀತು? ರಜೆ ವಾರ ಒಂದು ದಿನ ಬಂದ್ ಆದ್ರೆ ಪೇಟೆಗೆ ಆಗೋ ನಷ್ಟದ ಮುಂದೆ ಅದು ಚಿಲ್ಲರೆ.